ಅಗಸ್ತ್ಯ ನಕ್ಷತ್ರ ನೋಡಿ ನಮ್ಮ ಹೊಲದ ಅಕ್ಷಾಂಶ ಹಿಡಿದಿದ್ದು

ಫರಹತಾಬಾದ್ ಹತ್ತಿರ ನಮ್ಮ ಹೊಲ ಇದೆ. ಎರೆಭೂಮಿ, ಸುತ್ತ ಗುಡ್ಡ ಇಲ್ಲ. ಕಲಬುರಗಿಯ ಬೆಳಕೆಲ್ಲ ಬೆನ್ನ ಹಿಂದೆ ಉತ್ತರಕ್ಕೆ ಉಳಿಯುತ್ತೆ, ದಕ್ಷಿಣದಲ್ಲಿ ನೆಲದವರೆಗೂ ಕತ್ತಲು. ಅಗಸ್ತ್ಯ ನೋಡೋಕೆ ಇಂಥದೇ ಜಾಗ ಬೇಕು, ಯಾಕಂದ್ರೆ ಅದು ನಮ್ಮಲ್ಲಿ ಜಾಸ್ತಿ ಮೇಲೆ ಬರೋದೇ ಇಲ್ಲ.

ಗುರುತು ಸುಲಭ. ಫೆಬ್ರವರಿಯಲ್ಲಿ ರಾತ್ರಿ ಊಟದ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎತ್ತರದಲ್ಲಿ ಲುಬ್ಧಕ ಕಾಣುತ್ತೆ, ರಾತ್ರಿ ಆಕಾಶದಲ್ಲೇ ಅತಿ ಹೆಚ್ಚು ಹೊಳೆಯೋ ನಕ್ಷತ್ರ. ಅಲ್ಲಿಂದ ಕೆಳಗೆ ಕಣ್ಣಿಳಿಸಿದರೆ, ಕೈ ಚಾಚಿ ಹಿಡಿದ ಎರಡು ಮುಷ್ಟಿಯಷ್ಟು ನೆಲದ ಮೇಲೆ, ಮಿನುಗುತ್ತಾ ಒಂಟಿಯಾಗಿ ನಿಂತಿರುತ್ತೆ ಅಗಸ್ತ್ಯ. ಹೊಳಪಿನಲ್ಲಿ ಎರಡನೆಯದು. ಆದರೆ ಲುಬ್ಧಕ ಇರೋದು 8.6 ಜ್ಯೋತಿರ್ವರ್ಷ ದೂರದಲ್ಲಿ, ಅಗಸ್ತ್ಯ ಸುಮಾರು 310! ಸೂರ್ಯನಿಗಿಂತ ಸುಮಾರು 70 ಪಟ್ಟು ಅಗಲ ಇರೋದರಿಂದಲೇ ಅಷ್ಟು ದೂರದಿಂದ ಇಷ್ಟು ಹೊಳೆಯುತ್ತೆ. ಇವತ್ತು ಕಾಣೋ ಬೆಳಕು ಹೊರಟಾಗ ಹೈದರಾಬಾದಿನ ನಿಜಾಮರ ಆಳ್ವಿಕೆ ಇನ್ನೂ ಶುರುವಾಗಿರಲಿಲ್ಲ.

ಮೊದಲು ತೋರಿಸಿದ್ದು ಬಾಜು ಹೊಲದ ಕಾಕಾ, ಜೋಳ ಕಾಯೋಕೆ ಬಂದಿದ್ದರು. "ಅಗಸ್ತ್ಯ ಅದ ತಮ್ಮಾ. ಮಳಿಗಾಲ ಮುಗಿಯೋ ಮುಂದ ಅದು ಹುಟ್ಟಿತಂದ್ರ ಹೊಳಿ ನೀರು ತಿಳಿ ಆಗ್ತದ" ಅಂದರು. ವಿಂಧ್ಯ ದಾಟಿ ದಕ್ಷಿಣಕ್ಕೆ ಬಂದು ಇಲ್ಲೇ ಉಳಿದ ಋಷಿಯ ಹೆಸರು ದಕ್ಷಿಣದ ನಕ್ಷತ್ರಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತೆ ಅಲ್ವಾ? ಅರಬ್ಬಿಯಲ್ಲಿ ಇದು ಸುಹೈಲ್. ನಮ್ಮ ಕಡೆ ಹುಡುಗರಿಗೆ ಇಡೋ ಸುಹೈಲ್ ಅನ್ನೋ ಹೆಸರು ಇದೇ ನಕ್ಷತ್ರದ್ದು.

ಅಳತೆಗೆ ಮಗಳ ಕಂಪಾಸ್ ಬಾಕ್ಸಿನ ಕೋನಮಾಪಕ ತಗೊಂಡೆ. ನೇರ ಅಂಚಿಗೆ ಒಂದು ಸ್ಟ್ರಾ ಅಂಟಿಸಿದೆ, ನಡುವಿನ ತೂತಿಗೆ ದಾರ, ದಾರದ ತುದಿಗೆ ಕಬ್ಬಿಣದ ನಟ್ಟು. ಸ್ಟ್ರಾ ಒಳಗೆ ನಕ್ಷತ್ರ ಹಿಡಿದರೆ ದಾರ 90ರಿಂದ ಎಷ್ಟು ಸರಿಯುತ್ತೋ ಅದೇ ನಕ್ಷತ್ರದ ಎತ್ತರ. ಗಾಳಿಗೆ ದಾರ ತೂಗಾಡುತ್ತೆ, ಹಾಗಾಗಿ ಕಾಯಬೇಕು. ಅದು ನಿಂತ ಕ್ಷಣವೇ ದಾರವನ್ನು ಬೆರಳಿನಿಂದ ಕೋನಮಾಪಕಕ್ಕೆ ಒತ್ತಿ ಹಿಡಿದು, ಆಮೇಲೆ ಟಾರ್ಚ್ ಹಾಕಿ ಓದಬೇಕು.

ಮೊದಲ ರಾತ್ರಿ ಹನ್ನೊಂದಕ್ಕೆ ಅಳೆದೆ, 16 ಬಂತು. ಈ ನಕ್ಷತ್ರ ಆಕಾಶದ ನಡುಗೆರೆಯಿಂದ, ಅಂದ್ರೆ ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಊಹಿಸಿಕೊಳ್ಳೋ ಗೆರೆಯಿಂದ, 52.7 ಡಿಗ್ರಿ ದಕ್ಷಿಣಕ್ಕಿದೆ. 90ರಲ್ಲಿ ಅದನ್ನೂ 16ನ್ನೂ ಕಳೆದರೆ 21.3, ಅಂದ್ರೆ ನಾಗಪುರದ ಅಕ್ಷಾಂಶ! ತಪ್ಪು ಹೊತ್ತಿನದು. ನಕ್ಷತ್ರ ಸರಿಯಾಗಿ ದಕ್ಷಿಣಕ್ಕೆ ಬಂದಾಗ, ಅಂದ್ರೆ ಅತಿ ಎತ್ತರದಲ್ಲಿದ್ದಾಗ ಅಳೆಯಬೇಕು, ಅಷ್ಟೊತ್ತಿಗಾಗಲೇ ಅದು ಇಳಿಯುತ್ತಿತ್ತು.

ಮರುದಿನ ಏಳೂವರೆಯಿಂದಲೇ ಕೂತೆ. 16, ಆಮೇಲೆ 19, ಒಂಬತ್ತಕ್ಕೆ 20. ಒಂಬತ್ತೂಕಾಲಿಗೂ 20, ಮುಕ್ಕಾಲಿಗೂ 20, ಹತ್ತೂವರೆಗೆ 18. ಹಾಗಾದ್ರೆ 20ನ್ನೇ ಹಿಡಿಯಬೇಕು. ಅಕ್ಷಾಂಶ 17.3. ನಕ್ಷೆಯಲ್ಲಿ ನಮ್ಮ ಹೊಲ 17.2ರ ಹತ್ತಿರ ಇದೆ. ಅದೇ ಉಪಕರಣ ತಿರುಗಿಸಿ ಧ್ರುವ ನಕ್ಷತ್ರ ನೋಡಿದೆ, ಅದರ ಎತ್ತರ ಹೆಚ್ಚುಕಮ್ಮಿ ನೇರವಾಗಿ ಅಕ್ಷಾಂಶವೇ. ಹದಿನೇಳೂವರೆ ಬಂತು. ಆ ಚಳಿಯಲ್ಲೂ ಒಬ್ಬನೇ ಜೋರಾಗಿ ನಕ್ಕುಬಿಟ್ಟೆ, ಅಷ್ಟು ಖುಷಿ.

ಎರಡು ಸಾವಿರ ವರ್ಷದ ಹಿಂದೆ ಗ್ರೀಕರ ಪೊಸಿಡೋನಿಯಸ್ ಇದೇ ನಕ್ಷತ್ರದಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದ. ರೋಡ್ಸ್ ದ್ವೀಪದಲ್ಲಿ ಅದು ದಿಗಂತ ಸವರಿ ಹೋಗುತ್ತೆ, ಅಲೆಕ್ಸಾಂಡ್ರಿಯಾದಲ್ಲಿ ಸ್ವಲ್ಪ ಮೇಲೇರುತ್ತೆ, ಆ ವ್ಯತ್ಯಾಸವೇ ಅವನ ಅಳತೆ. ನನ್ನ ತಮ್ಮ ದೆಹಲಿಯಲ್ಲಿದ್ದಾನೆ, ದೆಹಲಿ ಹೆಚ್ಚುಕಮ್ಮಿ ಕಲಬುರಗಿಯ ನೇರ ಉತ್ತರಕ್ಕೇ ಇದೆ. ಅಲ್ಲಿ ಅಗಸ್ತ್ಯ 9 ಡಿಗ್ರಿಯನ್ನೂ ಮುಟ್ಟೋದಿಲ್ಲ. ಮುಂದಿನ ಫೆಬ್ರವರಿಗೆ ದಕ್ಷಿಣ ಕಡೆ ಬಯಲಾಗಿರೋ ಮಾಳಿಗೆ ಹುಡುಕು ಅಂತ ಅವನಿಗೆ ಹೇಳಿದ್ದೇನೆ, ದಾರ ಮತ್ತು ನಟ್ಟು ನಾನೇ ಕಳಿಸ್ತೀನಿ.