ಹೊಸಬರನ್ನು ಕಂಡು ಓಡುವ ಕುರಿಗೆ ಡಬ್ಬದ ಉಪಾಯ
ಮನೆ ಹತ್ತಿರ ನಾಲ್ಕಾರು ಕುರಿ ಸಾಕಿರುವವರಿಗೆ ಇದು. ಲಸಿಕೆ ಹಾಕಲು ಡಾಕ್ಟರ್ ಬಂದಾಗ ಕುರಿಗಳು ಬೆದರಬಾರದು ಅಂದ್ರೆ, ನೀವು ದಿನಾ ಕಾಳು ಅಲ್ಲಾಡಿಸಿ ಕರೆಯುವ ಡಬ್ಬವನ್ನೇ ಅವರ ಕೈಗೆ ಕೊಡಿ, ಕುರಿಗಳ ಕಡೆ ನೇರ ನೋಡದೆ ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂರಲು ಹೇಳಿ, ನೀವು ಸುಮ್ನೆ ಪಕ್ಕದಲ್ಲಿ ನಿಂತಿರಿ. ಕುರಿ ಮುಖಗಳನ್ನು ಚೆನ್ನಾಗಿ ಗುರುತಿಡುತ್ತದೆ, ಹಾಗಾಗಿ ಹೊಸ ಮುಖ ಅಂದ್ರೆ ಅನುಮಾನ. ಆದರೆ ಡಬ್ಬದ ಸದ್ದು ಹಳೆಯದಲ್ವಾ? ಧೈರ್ಯದ ಒಂದು ಕುರಿ ಮುಂದೆ ಬಂದರೆ ಉಳಿದವು ಹಿಂದೆಯೇ ಬರುತ್ತವೆ. ಹಿಂದಿನಿಂದ ಮೆಲ್ಲಗೆ ಹೋಗಿ ಹಿಡಿಯುವ ಸಾಹಸ ಬೇಡ, ಕಣ್ಣು ತಲೆಯ ಎರಡೂ ಪಕ್ಕ ಇರುವುದರಿಂದ ಅವಕ್ಕೆ ಹಿಂದಿನದೂ ಬಹುಪಾಲು ಕಾಣುತ್ತದೆ. ನಾಯಿ ಸುತ್ತಾಡುತ್ತಿದ್ದರೆ, ಅಥವಾ ಅದೇ ವ್ಯಕ್ತಿ ಸೂಜಿ ಚುಚ್ಚಿದ್ದು ನೆನಪಿದ್ದರೆ ಈ ಉಪಾಯ ನಡೆಯಲ್ಲ. ಬಯಲಲ್ಲಿ ಮೇಯುವ ದೊಡ್ಡ ಹಿಂಡಿಗೂ ಅಷ್ಟೇ, ಅವು ತಮ್ಮ ಕುರಿಗಾಹಿಯನ್ನು ಬಿಟ್ಟು ಬೇರೆಯವರ ಹತ್ತಿರ ಬರುವುದು ಕಷ್ಟ. ಕಾಳು ಒಂದು ಹಿಡಿ ಸಾಕು, ಜಾಸ್ತಿ ತಿಂದರೆ ಹೊಟ್ಟೆ ಕೆಟ್ಟು ಮಲಗಿಬಿಡುತ್ತವೆ. ಇನ್ನೊಂದು, ಬಾಟಲಿ ಹಾಲು ಕುಡಿಸಿ ಬೆಳೆಸಿದ ಗಂಡು ಮರಿಯ ಹಣೆ ತಳ್ಳಿ ಆಟ ಆಡಿಸಬೇಡಿ. ಅದಕ್ಕೆ ಜನರ ಭಯವೇ ಇರಲ್ಲ, ಟಗರಾದ ಮೇಲೆ ಮನೆಗೆ ಬಂದವರಿಗೆಲ್ಲ ಗುದ್ದುತ್ತದೆ.