ಕರಿ ನೆಲ, ಮುತ್ತಲ ಹೂವು: ನನ್ನ ಕೊಲಾಜ್ ಅನುಭವ

ನಮ್ಮ ಕಡೆ ವಸಂತ ನೆಲದ ಮೇಲೆ ಕಾಣುವುದಿಲ್ಲ. ತಲೆ ಎತ್ತಿ ನೋಡಬೇಕು. ಹೋಳಿ ಹುಣ್ಣಿಮೆ ಹೊತ್ತಿಗೆ ಧಾರವಾಡದಿಂದ ನವಲಗುಂದದ ಕಡೆಗೋ ಅಣ್ಣಿಗೇರಿ ಕಡೆಗೋ ಹೊರಟರೆ ಹೊಲವೆಲ್ಲ ಖಾಲಿ. ಜೋಳ, ಕಡಲೆ, ಕುಸುಬೆ ಎಲ್ಲ ಮನೆ ಸೇರಿರುತ್ತವೆ. ಎರೆ ನೆಲ, ಅಂದರೆ ಕರಿ ಮಣ್ಣಿನ ಭೂಮಿ, ಬಿರುಕು ಬಿಟ್ಟು ಬಿದ್ದಿರುತ್ತದೆ. ಹಸಿರು ಅಂತ ಇರುವುದು ಬದುವಿನ ಮೇಲಿನ ಬೇವಿನಲ್ಲಿ, ಊರ ಮುಂದಿನ ಅರಳಿಯಲ್ಲಿ, ರಸ್ತೆ ಬದಿಯ ಹೊಂಗೆಯಲ್ಲಿ. ಆದರೂ ಕಾಗದ ಹರಿದು ಅಂಟಿಸಿ ಚಿತ್ರ, ಅಂದರೆ ಕೊಲಾಜ್, ಮಾಡುವ ನನಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ.

ವಸಂತದ ಕೊಲಾಜ್ ಅಂತ ಮೊಬೈಲಿನಲ್ಲಿ ಹುಡುಕಿದರೆ ಬರುವುದೆಲ್ಲ ಹಸಿರು ಹುಲ್ಲು, ತಿಳಿ ಗುಲಾಬಿ ಹೂವು, ಬೂದು ನೀಲಿ ಆಕಾಶ. ಚೆಂದವೇ. ಆದರೆ ಅದು ಹಿಮ ಕರಗಿದ ಮೇಲೆ ಬರುವ ವಸಂತ. ನಮ್ಮದು ಬೇಸಿಗೆ ಬಿಸಿಲಿನ ಬಾಗಿಲಲ್ಲಿ ನಿಂತು ಬರುವ ವಸಂತ. ಸುತ್ತ ಎಲ್ಲ ಒಣಗಿರುವಾಗ ಒಂದು ಬೋಳು ಮುತ್ತಲ ಮರ ಮೈ ತುಂಬ ಕೇಸರಿ ಹೂ ಬಿಡುತ್ತದೆ. ಆ ಕೇಸರಿಯನ್ನು ಕಾಗದಕ್ಕೆ ತರಬೇಕು ಅಂದರೆ ಮೊದಲು ಅದರ ಸುತ್ತಲಿನ ಒಣ ಬಣ್ಣಗಳನ್ನು ಕಲಿಯಬೇಕು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡಿರುವುದು ಇದೊಂದನ್ನೇ.

ಧಾರವಾಡದಲ್ಲಿ ಇರುವವರಿಗೆ ಒಂದು ಅನುಕೂಲ ಇದೆ. ಪಶ್ಚಿಮಕ್ಕೆ ಹೋದರೆ ಮಲೆನಾಡಿನ ಅಂಚು, ಪೂರ್ವಕ್ಕೆ ಹೋದರೆ ಬಯಲು. ರವಿವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಹಳಿಯಾಳ ರಸ್ತೆಗೋ ಕಲಘಟಗಿ ಕಡೆಗೋ ಹೋಗಿ ಮುತ್ತಲ ಗಿಡ ನೋಡಿ ಬರುತ್ತೇನೆ. ಎರೆ ನೆಲ ನೋಡಬೇಕಾದರೆ ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ರೈಲಿನ ಕಿಟಕಿ ಸಾಕು. ದೂರ ಹೋಗಲು ಆಗದ ದಿನ ಕೆಲಗೇರಿ ಕೆರೆ, ಸಾಧನಕೇರಿ, ಇಲ್ಲವೇ ಕರ್ನಾಟಕ ವಿಶ್ವವಿದ್ಯಾಲಯದ ಗಿಡಮರಗಳ ನೆರಳು.

ಹೋಗುವಾಗ ಚೀಲದಲ್ಲಿ ಜಾಸ್ತಿ ಏನೂ ಇರುವುದಿಲ್ಲ. ಡ್ರಾಯಿಂಗ್ ಹಾಳೆಯ ಸಣ್ಣ ಪಟ್ಟಿಗಳು, ನಾಲ್ಕಾರು ಪೋಸ್ಟರ್ ಕಲರ್ ಡಬ್ಬಿ, ಒಂದು ಬ್ರಷ್, ನೀರಿನ ಬಾಟಲಿ. ಎಲೆ ಕೀಳುವುದಿಲ್ಲ, ಬಿದ್ದದ್ದನ್ನು ಎತ್ತಿಕೊಳ್ಳುತ್ತೇನೆ. ಅದನ್ನು ಪಟ್ಟಿಯ ಪಕ್ಕ ಇಟ್ಟು ಅಲ್ಲೇ ಬಣ್ಣ ಕಲಸಿ ಹಚ್ಚಿ, ಎರಡೂ ಒಂದೇ ಆಗುವ ತನಕ ತಿದ್ದುತ್ತೇನೆ. ಫೋಟೋ ತೆಗೆದುಕೊಂಡು ಮನೆಗೆ ಬಂದು ನೋಡಿದರೆ ಈ ಬಣ್ಣ ಸಿಗುವುದಿಲ್ಲ. ಮೊಬೈಲು ಮಾವಿನ ಚಿಗುರನ್ನು ಸುಮ್ನೆ ಕಂದು ಮಾಡಿಬಿಡುತ್ತದೆ. ನಿಜವಾದ ಚಿಗುರಿನಲ್ಲಿ ತಾಮ್ರ ಇದೆ, ಅದರ ಕೆಳಗೆ ದ್ರಾಕ್ಷಿಯ ಕೆಂಪು ಇದೆ, ನರದ ಪಕ್ಕದಲ್ಲಿ ಹಸಿರು ಆಗಲೇ ಇಣುಕುತ್ತಿರುತ್ತದೆ. ಆ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಎಳೆ ಎಲೆಯನ್ನು ಬಿರು ಬಿಸಿಲಿನಿಂದ ಕಾಯುವ ಕೆಲಸವೂ ಅದರದ್ದೇ. ಎಲೆ ಬಲಿತು ಪತ್ರಹರಿತ್ತು ತುಂಬಿಕೊಂಡಂತೆ ಕೆಂಪು ಹಿಂದೆ ಸರಿಯುತ್ತದೆ. ನಾನು ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣಕ್ಕೆ ಒಂದು ತುದಿ ಕ್ರಿಮ್ಸನ್ ಕೆಂಪು ಸೇರಿಸಿ ಶುರು ಮಾಡುತ್ತೇನೆ. ಹೊಂಗೆಯ ಹೊಸ ಎಲೆಗೆ ಲೆಮನ್ ಯೆಲ್ಲೋ ಜಾಸ್ತಿ, ಹಸಿರು ಬರೀ ಚೂರು. ಯುಗಾದಿ ಹೊತ್ತಿನ ಹೊಂಗೆ ನೋಡಿದವರಿಗೆ ಗೊತ್ತು, ಅದರ ಎಲೆ ಬಿಸಿಲನ್ನು ಒಳಗಿಟ್ಟುಕೊಂಡೇ ಹೊಳೆಯುತ್ತದೆ. ಹಸಿರು ಸ್ವಲ್ಪ ಹೆಚ್ಚಾದರೂ ಆ ಹೊಳಪು ಹೋಗುತ್ತದೆ.

ಪಟ್ಟಿಗಳ ಹಿಂದೆ ಗಿಡದ ಹೆಸರು, ತಿಂಗಳು, ಕಲಸಿದ ಬಣ್ಣ ಬರೆದಿಡುತ್ತೇನೆ. ಮನೆಗೆ ಬಂದು ಆ ಬಣ್ಣವನ್ನೇ ದೊಡ್ಡ ಹಾಳೆಗೆ ಹಚ್ಚಿ ಒಣಗಿಸುತ್ತೇನೆ. ಹಚ್ಚುವಾಗ ಒಂದೇ ಸಮ ಹಚ್ಚುವುದಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಬ್ರಷ್ಷಿನ ಗೆರೆ ಕಂಡರೂ ಸರಿ. ಅಂಗಡಿಯ ಬಣ್ಣದ ಹಾಳೆಯಲ್ಲಿ ಈ ಏರಿಳಿತ ಇರುವುದಿಲ್ಲ. ಅದಕ್ಕೇ ಅದರಿಂದ ಮಾಡಿದ ಎಲೆ ಸತ್ತಂತೆ ಕಾಣುತ್ತದೆ. ಫ್ರಾನ್ಸಿನ ಚಿತ್ರಕಾರ ಮತೀಸ್ ವಯಸ್ಸಾದ ಕಾಲಕ್ಕೆ, 1940ರ ದಶಕದಲ್ಲಿ, ಕತ್ತರಿ ಹಿಡಿದು ದೊಡ್ಡ ದೊಡ್ಡ ಚಿತ್ರ ಮಾಡಿದ್ದು ಹೀಗೆ ಕೈಯಲ್ಲಿ ಬಣ್ಣ ಹಚ್ಚಿಸಿದ ಹಾಳೆಗಳಿಂದಲೇ.

ಇನ್ನೊಬ್ಬರ ಬಗ್ಗೆ ಹೇಳಲೇಬೇಕು. ಇಂಗ್ಲೆಂಡಿನ ಮೇರಿ ಡಿಲೇನಿ. ಹುಟ್ಟಿದ್ದು 1700ರಲ್ಲಿ. ಹೂವುಗಳ ಕಾಗದದ ಚಿತ್ರ ಮಾಡಲು ಶುರು ಮಾಡಿದ್ದು 1772ರಲ್ಲಿ, 72ರ ವಯಸ್ಸಿನಲ್ಲಿ. ಒಂದೊಂದು ಹೂವಿಗೆ ನೂರಾರು ಸಣ್ಣ ತುಂಡು ಕತ್ತರಿಸಿ ಅಂಟಿಸುತ್ತಿದ್ದರು. ಹತ್ತಿರ ಹತ್ತಿರ ಸಾವಿರ ಚಿತ್ರ ಮಾಡಿದರು. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಮ್ಯೂಸಿಯಂನ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹೂಗಳ ಹಿಂದಿನ ಬಣ್ಣ. ಎಲ್ಲ ಹೂವೂ ಕಪ್ಪು ಹಾಳೆಯ ಮೇಲೆ ಕೂತಿವೆ. ಆ ಕಪ್ಪಿನಿಂದಾಗಿ ಒಂದು ತೆಳ್ಳನೆಯ ದಂಟೂ ಎದ್ದು ಕಾಣುತ್ತದೆ. ಕಪ್ಪು ಹಿನ್ನೆಲೆ ನಮಗೆ ಬೇರೆ ಬೇಕಾ? ನವಲಗುಂದದ ತನಕ ಹಾಸಿಕೊಂಡೇ ಬಿದ್ದಿದೆ!

ಎರೆ ನೆಲವನ್ನು ಕಾಗದದಲ್ಲಿ ಮಾಡುವ ಕೆಲಸ ನನಗೆ ಹೂವಿಗಿಂತ ಪ್ರೀತಿಯದು. ಹಳೇ ಫೋಟೋ ಆಲ್ಬಮ್ಮಿನ ಕಪ್ಪು ಹಾಳೆ ಇದಕ್ಕೆ ಹೇಳಿ ಮಾಡಿಸಿದ್ದು, ದಪ್ಪ ಇರುತ್ತದೆ, ಮೇಲ್ಮೈ ಸ್ವಲ್ಪ ಒರಟು. ಆದರೆ ಎರೆ ಭೂಮಿ ಪೂರ್ತಿ ಕಪ್ಪಲ್ಲ. ಬೆಳಗಿನ ಬಿಸಿಲಲ್ಲಿ ಬೂದಿ ಬಣ್ಣ, ಸಂಜೆ ಕಂದು, ಬಿರುಕಿನ ಒಳಗೆ ಮಾತ್ರ ನಿಜವಾದ ಕಪ್ಪು. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಅದಕ್ಕೇ ಬಿರುಕು. ನಾನು ಕೆಳಗೆ ಆಲ್ಬಮ್ಮಿನ ಕಪ್ಪು ಹಾಳೆ ಹಾಕುತ್ತೇನೆ. ಇನ್ನೊಂದು ಕಪ್ಪು ಹಾಳೆಗೆ ಬೂದಿ ಮತ್ತು ಕಂದು ಬಣ್ಣವನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ, ಅದನ್ನು ಕೈಯಿಂದ ಹರಿದು ಹೆಂಟೆಗಳನ್ನಾಗಿ ಮಾಡಿ, ನಡುವೆ ಸಂದು ಬಿಟ್ಟು ಅಂಟಿಸುತ್ತೇನೆ. ಬಿರುಕನ್ನು ಬರೆಯುವುದೇ ಇಲ್ಲ. ಸಂದಿಯಲ್ಲಿ ಕೆಳಗಿನ ಕಪ್ಪು ತಾನೇ ಕಾಣುತ್ತದೆ. ಕತ್ತರಿ ಇಲ್ಲಿ ಮುಟ್ಟಬಾರದು. ಹರಿದ ಅಂಚಿಗೆ ಮಾತ್ರ ಮಣ್ಣಿನ ಗುಣ ಬರುತ್ತದೆ.

ಹರಿಯುವುದಕ್ಕೂ ಒಂದು ರೀತಿ ಇದೆ. ಮಿಲ್ಲಿನ ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಆ ದಿಕ್ಕಿಗೆ ಹರಿದರೆ ನೆಟ್ಟಗೆ ಬರುತ್ತದೆ, ಅಡ್ಡ ಹರಿದರೆ ಸೊಟ್ಟಂಬಟ್ಟ. ಬದುವಿಗೆ, ದಿಗಂತಕ್ಕೆ ಮೊದಲನೆಯದು, ಹೆಂಟೆಗೆ, ಮೋಡಕ್ಕೆ ಎರಡನೆಯದು. ಬಣ್ಣ ಹಚ್ಚಿದ ಬಿಳಿ ಹಾಳೆಯಾದರೆ ಬಣ್ಣದ ಬದಿ ಮೇಲಿಟ್ಟು, ಬೇಡದ ಭಾಗವನ್ನು ನನ್ನ ಕಡೆ ಎಳೆದು ಹರಿಯುತ್ತೇನೆ. ಆಗ ಉಳಿದ ತುಂಡಿನ ಅಂಚಿಗೆ ಬಿಳಿ ಗೆರೆ ನಿಲ್ಲುತ್ತದೆ. ಚಿಗುರಿನ ಮೇಲೆ ಬಿದ್ದ ಬೆಳಕಿಗೆ ಆ ಗೆರೆಯೇ ಸಾಕು. ಗೆರೆ ಬೇಡ ಅಂದರೆ ಆಚೆಗೆ ತಳ್ಳಿ ಹರಿಯಬೇಕು.

ಈಗ ಮುತ್ತಲ ಹೂವು. ದೂರದಿಂದ ಬರೀ ಕೇಸರಿ. ಕೈಯಲ್ಲಿ ಹಿಡಿದು ನೋಡಿದರೆ ಎಸಳಿನ ಹೊರಮೈ ಮೇಲೆ ಬೆಳ್ಳಿಯಂಥ ಸಣ್ಣ ರೋಮ, ಒಂದು ಎಸಳು ಹಿಂದಕ್ಕೆ ಮಡಚಿಕೊಂಡಿದೆ, ಇನ್ನೊಂದು ಕೊಕ್ಕಿನ ಆಕಾರಕ್ಕೆ ಬಾಗಿದೆ. ಎಲ್ಲಕ್ಕಿಂತ ಮುಖ್ಯ ಅದರ ಪುಷ್ಪಪಾತ್ರೆ, ಅಂದರೆ ಎಸಳನ್ನು ಹಿಡಿದ ಬುಡದ ಬಟ್ಟಲು. ಮಖಮಲ್ಲಿನ ಹಾಗಿರುವ ಕಪ್ಪು ಹಸಿರು, ಹೆಚ್ಚುಕಡಿಮೆ ಕಪ್ಪೇ. ಕೇಸರಿ ಅಷ್ಟು ಉರಿಯುವುದು ಆ ಕಪ್ಪಿನಿಂದ. ಹಾಗಾಗಿ ನಾನು ಮೊದಲು ಟೊಂಗೆಯ ಮೇಲೆ ಸಾಲಾಗಿ ಕಪ್ಪು ಚುಕ್ಕೆಗಳನ್ನೇ ಅಂಟಿಸುತ್ತೇನೆ, ಎಸಳು ಆಮೇಲೆ. ಹೂ ಬಿಡುವಾಗ ಗಿಡದಲ್ಲಿ ಎಲೆ ಇರುವುದಿಲ್ಲ. ಎಲೆ ಹಾಕಿದರೆ ಅದು ಮುತ್ತಲ ಗಿಡವೇ ಅಲ್ಲ. ಈ ಹೂವಿನಿಂದ ಹಿಂದೆಲ್ಲ ಹೋಳಿಯ ಬಣ್ಣ ತೆಗೆಯುತ್ತಿದ್ದರು. ನೀರಲ್ಲಿ ಕುದಿಸಿದರೆ ಹಳದಿ ಕೇಸರಿ ಬರುತ್ತದೆ. ಆ ನೀರನ್ನೇ ತೆಳು ಕಾಗದಕ್ಕೆ ಹಚ್ಚಿ ಹಿನ್ನೆಲೆಯ ಆಕಾಶಕ್ಕೆ ಬಳಸುತ್ತೇನೆ. ಬಿಸಿಲಿಗೆ ಮಾಸುವ ಬಣ್ಣ ಅದು, ನೇರ ಬೆಳಕಿನಲ್ಲಿ ತೂಗುಹಾಕುವ ಚಿತ್ರಕ್ಕೆ ಬೇಡ.

ಎಸಳಿಗೆ ನನ್ನ ಬಳಿ ಇರುವ ಖಜಾನೆ ಲಗ್ನಪತ್ರಿಕೆ. ಚೈತ್ರ, ವೈಶಾಖದ ಮದುವೆ ಕಾಲಕ್ಕೆ ಕೇಸರಿ, ಕುಂಕುಮ, ಅರಿಷಿಣ ಎಲ್ಲ ಬಣ್ಣದ ಪತ್ರಿಕೆಗಳೂ ಮನೆಗೆ ಬಂದು ಬೀಳುತ್ತವೆ. ದಪ್ಪ ಕಾರ್ಡನ್ನು ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಪದರ ಬಿಚ್ಚಿಕೊಳ್ಳುತ್ತದೆ, ಮೇಲಿನ ತೆಳು ಪದರ ಕೈಗೆ ಬರುತ್ತದೆ. ದೇವರ ಚಿತ್ರ ಇರುವ ಮೂಲೆಯನ್ನು ಮೊದಲೇ ಬೇರೆ ಮಾಡಿ ನಮ್ಮ ಅತ್ತೆಯವರ ಕೈಗೆ ಕೊಡುತ್ತೇನೆ. ಅದರ ವ್ಯವಸ್ಥೆ ಅವರದು. ಉಳಿದ ಕಾಗದ ರದ್ದಿ ಅಂಗಡಿಯಲ್ಲಿ, ಪೇಢೆಯ ಡಬ್ಬಿಯಲ್ಲಿ, ಸಂಕ್ರಾಂತಿ ಗಾಳಿಪಟದ ಹಾಳೆಯಲ್ಲಿ ಸಿಗುತ್ತದೆ. ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿಗೆ ಹೋದಾಗ ಪ್ರೆಸ್ಸಿನವರ ಹತ್ತಿರ ಕತ್ತರಿಸಿ ಉಳಿದ ಕಾಗದದ ಪಟ್ಟಿ ಕೇಳಿದರೆ ಖುಷಿಯಿಂದ ಕೊಡುತ್ತಾರೆ. ದಿನಪತ್ರಿಕೆಯನ್ನು ಮಾತ್ರ ಯೋಚಿಸಿ ಬಳಸಬೇಕು. ಅದರ ಕಾಗದದಲ್ಲಿ ಮರದಿಂದ ಬಂದ ಲಿಗ್ನಿನ್ ಎಂಬ ಅಂಶ ಇರುವುದರಿಂದ ಕೆಲವೇ ತಿಂಗಳಲ್ಲಿ ಹಳದಿಯಾಗುತ್ತದೆ. ಒಣ ಹುಲ್ಲಿಗೆ, ಜೋಳದ ಕಣಿಕೆಗೆ ನಾನು ಬೇಕಂತಲೇ ಅದನ್ನೇ ಹಾಕುತ್ತೇನೆ, ಹಳದಿ ಆದಷ್ಟೂ ಒಳ್ಳೆಯದು.

ಬಣ್ಣ ಜೋಡಿಸುವ ಪಾಠ ನನಗೆ ಸಿಕ್ಕಿದ್ದು ಕೌದಿಯಿಂದ. ನಮ್ಮ ದೊಡ್ಡವ್ವ ಹಳೇ ಸೀರೆ, ಧೋತರ, ಅಂಗಿಯ ಚೂರು ಎಲ್ಲ ಗುಡ್ಡೆ ಹಾಕಿಕೊಂಡು ಕೌದಿ ಹೊಲಿಯುತ್ತಿದ್ದಳು. ಒಂದು ಸಲ ನಾನು ಕೆಂಪು, ಹಳದಿ ಹೊಸ ಬಟ್ಟೆಯ ತುಂಡುಗಳನ್ನೇ ಆರಿಸಿ ಆರಿಸಿ ಕೊಡುತ್ತಿದ್ದೆ. "ಎಲ್ಲಾ ಹೊಸಾದ್ನ ಹಚ್ಚಿದ್ರ ಕಣ್ಣಿಗೆ ಹೊಡೀತೈತವಾ, ನಡುನಡುವ ಮಾಸಿದ್ದೂ ಇರಬೇಕು, ಅಂದ್ರ ಕೆಂಪು ಕೆಂಪಾಗಿ ಕಾಣ್ತೈತಿ" ಅಂದಳು. ಈಗ ನಾನು ಚಿತ್ರಕ್ಕೆ ಕೂತಾಗ ಮೇಜಿನ ಮೇಲೆ ಮೊದಲು ಮಾಸಿದ ಬಣ್ಣಗಳನ್ನು ಹರಡಿಕೊಳ್ಳುತ್ತೇನೆ. ಹುಲ್ಲಿನ ಬಣ್ಣ, ಧೂಳಿನ ಬಣ್ಣ, ತೊಗಟೆಯ ಬೂದಿ. ಹಾಳೆಯ ಮುಕ್ಕಾಲು ಪಾಲು ಇವಕ್ಕೇ. ಕೇಸರಿ ಒಂದು ಹಿಡಿ ಇದ್ದರೆ ಸಾಕು.

ಅಂಟಿನ ವಿಷಯ ಬೇಗ ಹೇಳಿಬಿಡುತ್ತೇನೆ. ತೆಳು ಕಾಗದಕ್ಕೆ ಮೈದಾ ಅಂಟು ಒಳ್ಳೆಯದು. ಒಂದು ಚಮಚ ಮೈದಾಕ್ಕೆ ಐದಾರು ಚಮಚ ನೀರು, ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಪಾರದರ್ಶಕ ಆಗುವ ತನಕ ಕೈಯಾಡಿಸಬೇಕು. ಹುಳ ಬರದಿರಲಿ ಅಂತ ಬೈಂಡಿಂಗ್ ಮಾಡುವವರು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಜೊತೆ ಮಾಡುವಾಗ ಹಾಕಲೇಬಾರದು, ಅಡುಗೆ ಪಾತ್ರೆಯಲ್ಲೂ ಕಲಸಬಾರದು. ದಪ್ಪ ಕಾಗದಕ್ಕೆ ಫೆವಿಕಾಲ್, ಸ್ವಲ್ಪ ನೀರು ಬೆರೆಸಿ. ಅಂಟು ಹಚ್ಚಿದ ಕಾಗದ ಒದ್ದೆಯಾಗಿ ಹಿಗ್ಗುತ್ತದೆ. ಒಂದು ನಿಮಿಷ ಬಿಟ್ಟು, ಅದು ಹಿಗ್ಗಿದ ಮೇಲೆ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಬಟ್ಟೆಯಿಂದ ಒತ್ತಿದರೆ ಸುಕ್ಕು ಬರುವುದಿಲ್ಲ. ರಟ್ಟಿನ ಒಂದೇ ಬದಿಗೆ ಅಂಟಿಸಿದರೆ ಒಣಗುವಾಗ ಅದು ಬಾಗುತ್ತದೆ. ಹಿಂಬದಿಗೂ ಒಂದು ಹಾಳೆ ಅಂಟಿಸಿ. ಎರಡೂ ಕಡೆ ಎಳೆತ ಸಮ ಆಗಿ ರಟ್ಟು ನೆಟ್ಟಗಿರುತ್ತದೆ.

ನಿಜವಾದ ಎಲೆ, ಹೂವನ್ನೇ ಯಾಕೆ ಅಂಟಿಸಬಾರದು ಅಂತ ತುಂಬ ಜನ ಕೇಳುತ್ತಾರೆ. ಅಂಟಿಸಬಹುದು. ಮಾರ್ಚ್, ಏಪ್ರಿಲ್ ಗಾಳಿ ಒಣಗಿರುವುದರಿಂದ ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಿ, ದಿನಾ ಪೇಪರ್ ಬದಲಿಸಿದರೆ ಒಂದು ವಾರ ಹತ್ತು ದಿನದಲ್ಲಿ ಚೆನ್ನಾಗಿ ಒಣಗುತ್ತವೆ. ಆದರೆ ಮುತ್ತಲ ಎಸಳಿನ ಕೇಸರಿ ನಿಲ್ಲುವುದಿಲ್ಲ, ಕಂದಾಗುತ್ತದೆ. ಗಿಡದ ಮೇಲೆ ನೋಡಿದ ಬಣ್ಣ ಬೇಕಾದವರಿಗೆ ಕಾಗದವೇ ಗತಿ. ನಾನು ನಿಜವಾದ ಎಲೆಯಿಂದ ತೆಗೆದುಕೊಳ್ಳುವುದು ಅದರ ನರಗಳನ್ನು. ಅರಳಿ ಎಲೆಯ ಹಿಂಬದಿ ಮೇಲಾಗಿ ಇಟ್ಟು, ಮೇಲೆ ತೆಳು ಹಾಳೆ ಹಾಸಿ, ಮೇಣದ ಬಣ್ಣದ ಕಡ್ಡಿಯನ್ನು ಅಡ್ಡ ಹಿಡಿದು ಹಗುರ ಉಜ್ಜುತ್ತೇನೆ. ನರ ಒಂದೊಂದೂ ಮೂಡುತ್ತದೆ. ಅದರ ಮೇಲೆ ನೀರುಬಣ್ಣ ಬಳಿದರೆ ಮೇಣ ಇದ್ದಲ್ಲಿ ಬಣ್ಣ ಹತ್ತುವುದಿಲ್ಲ, ನರ ಹೊಳೆಯುತ್ತಾ ಉಳಿಯುತ್ತದೆ. ರಜೆಯಲ್ಲಿ ನಮ್ಮ ಓಣಿಯ ಮಕ್ಕಳಿಗೆ ನಾನು ಮೊದಲು ಕಲಿಸುವುದು ಇದನ್ನೇ. ಮೊದಲ ನರ ಕಂಡ ಕೂಡಲೇ "ಆಂಟಿ, ಬಂತು ಬಂತು" ಅಂತ ಕೂಗುತ್ತಾರೆ. ಆಮೇಲೆ ಅವರೇ ಹೋಗಿ ಬೇವು, ಹೊಂಗೆ, ಪೇರಲ ಎಲ್ಲದರ ಎಲೆ ಎತ್ತಿಕೊಂಡು ಬರುತ್ತಾರೆ.

ಕೆಲಸಕ್ಕೆ ಒಂದು ಗಡುವೂ ಇದೆ. ಏಪ್ರಿಲ್ ಕೊನೆಗೆ ಕಕ್ಕೆಯ ಹಳದಿ ಗೊಂಚಲು, ಮೇ ತಿಂಗಳಲ್ಲಿ ಗುಲ್‌ಮೊಹರ್ ಬರುತ್ತವೆ. ಅವನ್ನೂ ಪಟ್ಟಿಗೆ ಹಚ್ಚಿಕೊಳ್ಳುತ್ತೇನೆ. ಆದರೆ ಅಂಟಿಸುವುದೆಲ್ಲ ಜೂನಿನ ಮಿರಗದ (ಮೃಗಶಿರಾ) ಮಳೆ ಬೀಳುವ ಮುಂಚೆ ಮುಗಿಯಬೇಕು. ಧಾರವಾಡದ ಮಳೆಗಾಲದಲ್ಲಿ ಮೈದಾ ಅಂಟು ಒಣಗುವುದಿಲ್ಲ, ಬೂಸರು ಬರುತ್ತದೆ. ಮುಗಿದ ಚಿತ್ರಕ್ಕೆ ಕಟ್ಟು ಹಾಕಿಸುವಾಗ ಗಾಜು ಕಾಗದಕ್ಕೆ ತಾಗದಂತೆ ನಡುವೆ ರಟ್ಟಿನ ಪಟ್ಟಿ ಇಡಿಸುತ್ತೇನೆ. ಬಿಸಿಲು ನೇರ ಬೀಳದ ಒಳಗೋಡೆಗೆ ತೂಗುಹಾಕುತ್ತೇನೆ. ಮಳೆ ಹಿಡಿದ ಮೇಲೆ ಕತ್ತರಿ, ಅಂಟು ಎತ್ತಿಟ್ಟು, ಬಣ್ಣದ ಪಟ್ಟಿಗಳನ್ನು ಗಿಡದ ಹೆಸರಿನ ಪ್ರಕಾರ ಲಕೋಟೆಗಳಿಗೆ ಹಾಕಿ, ಬಿದ್ದ ಚೂರುಗಳನ್ನೆಲ್ಲ ಬಣ್ಣದ ಪ್ರಕಾರ ಬೇರೆ ಬೇರೆ ಪೇಢೆ ಡಬ್ಬಿಗೆ ತುಂಬಿಡುತ್ತೇನೆ. ಮಾಸಿದ ಬಣ್ಣದ ಡಬ್ಬಿಯೇ ಎಲ್ಲಕ್ಕಿಂತ ದೊಡ್ಡದು.