ಹೊಕ್ಕ ಮೇಲೆ ಏನಾಗುತ್ತದೆ: ಸಾಲ್ಮೊನೆಲ್ಲಾದ ಎರಡು ಪ್ರೋಟೀನ್‌ಗಳ ಬೆನ್ನು ಹತ್ತಿ

ಹೊಟ್ಟೆಯ ಸೋಂಕು ತರುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ ನಮ್ಮ ಜೀವಕೋಶದೊಳಗೆ ನುಗ್ಗುವುದನ್ನು ಎಲ್ಲರೂ ಅಳೆಯುತ್ತಾರೆ. ನುಗ್ಗಿದ ಮೇಲೆ ಆ ಕೋಶ ಮತ್ತೆ ಮೊದಲಿನ ರೂಪಕ್ಕೆ ಹೇಗೆ ಬರುತ್ತದೆ ಎಂಬುದೇ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಶ್ನೆ.

ಬ್ಯಾಕ್ಟೀರಿಯಾವನ್ನು ಬೆಳೆಸುವ ರೀತಿಯಲ್ಲೇ ಅರ್ಧ ಕೆಲಸ ಅಡಗಿದೆ. 0.3 ಮೋಲಾರ್ ಉಪ್ಪಿರುವ ಮಾಧ್ಯಮದಲ್ಲಿ, ಗಾಳಿ ಹೆಚ್ಚು ಸೋಕದಂತೆ ಬೆಳೆಸಿದರೆ ಅದು ಸೂಜಿಯಂಥ ಟೈಪ್-3 ಸ್ರವಿಕೆ ವ್ಯವಸ್ಥೆಯನ್ನು ಕಟ್ಟಿಕೊಳ್ಳುತ್ತದೆ. ತನ್ನ ಪ್ರೋಟೀನ್‌ಗಳನ್ನು ಅದು ನಮ್ಮ ಕೋಶಕ್ಕೆ ನೇರವಾಗಿ ಚುಚ್ಚುವುದು ಈ ಸೂಜಿಯಿಂದಲೇ. ಬೆಳವಣಿಗೆ ಚುರುಕಾಗಿರುವಾಗಲೇ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಕೋಶಗಳ ಮೇಲೆ ಹಾಕುತ್ತೇನೆ.

ಹದಿನೈದು ನಿಮಿಷ ಕಳೆದ ಮೇಲೆ ಕೆಲವು ಕೋಶಗಳನ್ನು ಸ್ಥಿರಗೊಳಿಸಿ, ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳಿಗೆ ಅಂಟುವ ಫ್ಯಾಲೋಯ್ಡಿನ್ ಬಣ್ಣ ಹಾಕಿ ನೋಡುತ್ತೇನೆ. ಬ್ಯಾಕ್ಟೀರಿಯಾ ತಾಗಿದಲ್ಲೆಲ್ಲ ಕೋಶದ ಪೊರೆ ನೆರಿಗೆ ನೆರಿಗೆಯಾಗಿ ಎದ್ದು ಅದನ್ನು ಸುತ್ತುವರಿದಿರುತ್ತದೆ. ಎಷ್ಟು ಸಲ ನೋಡಿದರೂ ಸಾಲದೆನಿಸುವ ದೃಶ್ಯವದು! ಸೋಪ್‌-ಇ ಎಂಬ ಪ್ರೋಟೀನ್ ಕೋಶದ ರ‍್ಯಾಕ್1, ಸಿಡಿಸಿ42 ಎಂಬ, ಆಕ್ಟಿನ್ ಎಳೆಗಳನ್ನು ಕಟ್ಟಿಸುವ ಪ್ರೋಟೀನ್ ಸ್ವಿಚ್‌ಗಳನ್ನು ಚಾಲೂ ಮಾಡಿದ್ದರ ಫಲ ಇದು. ಸೂಜಿ ಕಟ್ಟಲಾಗದ ತಳಿಯನ್ನೂ ಪಕ್ಕದಲ್ಲೇ ಇಡುತ್ತೇನೆ. ಅದರ ಸುತ್ತ ನೆರಿಗೆ ಏಳುವುದಿಲ್ಲ.

ಉಳಿದ ತಟ್ಟೆಗಳಿಗೆ ಕೋಶದೊಳಕ್ಕೆ ಸುಲಭವಾಗಿ ಹೋಗದ ಜೆಂಟಾಮೈಸಿನ್ ಎಂಬ ಪ್ರತಿಜೀವಕ ಹಾಕಿದರೆ ಹೊರಗಿರುವ ಬ್ಯಾಕ್ಟೀರಿಯಾ ಸಾಯುತ್ತವೆ, ಒಳಗಿನವು ಬದುಕುತ್ತವೆ. ಎರಡು-ಮೂರು ಗಂಟೆಯ ಬಳಿಕ ನೆರಿಗೆಗಳು ಮಾಯ. ಅದೇ ಸ್ವಿಚ್‌ಗಳನ್ನು ಆರಿಸುವ ಎಸ್‌ಪಿಟಿಪಿ ಪ್ರೋಟೀನನ್ನೂ ಬ್ಯಾಕ್ಟೀರಿಯಾವೇ ಚುಚ್ಚಿರುತ್ತದೆ. ಎರಡೂ ಒಟ್ಟಿಗೇ ಒಳಬಂದರೆ ಒಂದರ ಕೆಲಸವನ್ನು ಇನ್ನೊಂದು ಅಳಿಸಿಹಾಕಬೇಕಲ್ಲವೇ? ಇಲ್ಲಿಯೇ ಸೊಗಸಿರುವುದು. ನಮ್ಮ ಕೋಶದಲ್ಲಿ ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಸೋಮ್ ಸೋಪ್‌-ಇಯನ್ನು ಬೇಗ ಚೂರು ಮಾಡುತ್ತದೆ, ಎಸ್‌ಪಿಟಿಪಿ ಹೆಚ್ಚು ಹೊತ್ತು ಉಳಿಯುತ್ತದೆ. ಯೇಲ್ ವಿಶ್ವವಿದ್ಯಾಲಯದ ಹೋರ್ಹೆ ಗಲಾನ್ ಅವರ ಪ್ರಯೋಗಾಲಯ ಇದನ್ನು 2003ರಲ್ಲಿ ತೋರಿಸಿಕೊಟ್ಟಿತು. ಅತಿಥಿಯ ಗಡಿಯಾರ ನಡೆಯುವುದು ಮನೆಯವರ ಕೈಯಿಂದ!

ಎಸ್‌ಪಿಟಿಪಿ ಇಲ್ಲದ ತಳಿ ಒಳಹೊಗುವುದರಲ್ಲಿ ಹಿಂದೆ ಬೀಳುವುದಿಲ್ಲ. ಹಾಗಾಗಿ ಒಳಗೆ ಬದುಕಿದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ, ಅದರ ಕಾಲೊನಿ ಎಣಿಸಿಯಷ್ಟೇ ಸುಮ್ಮನಾಗುವವರಿಗೆ ಅದರ ಕೊರತೆ ಕಾಣದು. ಸೂಕ್ಷ್ಮದರ್ಶಕದಲ್ಲಿ ಮಾತ್ರ ನೆರಿಗೆಗಳು ಗಂಟೆಗಳ ನಂತರವೂ ಇಳಿಯದೆ ನಿಂತಿರುತ್ತವೆ. ಪ್ರೋಟಿಯಸೋಮನ್ನು ಎಂಜಿ132 ಹಾಕಿ ತಡೆದಾಗಲೂ ನೆರಿಗೆಗಳ ಆಯುಷ್ಯ ಹೆಚ್ಚುತ್ತದೆ. ಆದರೆ ಈ ಔಷಧ ಕೋಶಕ್ಕೇ ಘಾಸಿ ಮಾಡಬಲ್ಲದು. ಆದ್ದರಿಂದ ಸೋಂಕಿಲ್ಲದ ಕೋಶಗಳಿಗೂ ಅದನ್ನು ಕೊಟ್ಟು ಜೊತೆಯಲ್ಲೇ ನೋಡುತ್ತೇನೆ. ಎಣಿಕೆಗೆ ಕೂರುವ ಮುನ್ನ ಸ್ಲೈಡ್‌ಗಳ ಹೆಸರನ್ನು ಸಹೋದ್ಯೋಗಿಯೊಬ್ಬರಿಂದ ಮುಚ್ಚಿಸುತ್ತೇನೆ. ನೆರಿಗೆ ಇದೆಯೋ ಇಲ್ಲವೋ ಎಂಬ ತೀರ್ಮಾನದಲ್ಲಿ ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದೆ.